ಓದದೆ ಕೊಟ್ಟ ದೂರು, ಓದದೆ ಹೊರಡಿಸಿದ ಆದೇಶ

ಪುಸ್ತಕ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕಳೆದ ಆಷಾಢದಲ್ಲಿ ತಾವೊಂದು ಆದೇಶ ಹೊರಡಿಸಿದಿರಿ. ‘ಇದ್ದಿಲ ಕೋಟೆ’ ಎಂಬ ಕಾದಂಬರಿಯನ್ನು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಾಲೇಜು ಮತ್ತು ಸಾರ್ವಜನಿಕ ಗ್ರಂಥಾಲಯಗಳಿಂದ ಕೂಡಲೇ ತೆಗೆಯತಕ್ಕದ್ದು ಎಂದು. “ಸಾರ್ವಜನಿಕರಿಂದ ಬಂದ ದೂರನ್ನು ಆಧರಿಸಿ” ಎಂದು ಅದು ಶುರುವಾಗುತ್ತದೆ. ಆ ಸಾರ್ವಜನಿಕರು ಅಂದರೆ ನಾನು, ನಾನೊಬ್ಬಳೇ. ನಾನು ಕೊಟ್ಟ ದೂರು ಸುಳ್ಳು. ಆ ಪುಸ್ತಕದ ಮೇಲೆ ನನಗಿದ್ದದ್ದು ಸಮಾಜದ ಕಾಳಜಿಯಲ್ಲ, ಹೊಟ್ಟೆಕಿಚ್ಚು. ಇದನ್ನು ನಾಲ್ಕು ತಿಂಗಳಿಂದ ತಮ್ಮ ಕಚೇರಿಗೆ ಹೇಳುತ್ತಲೇ ಇದ್ದೇನೆ. ಕಚೇರಿಗೆ ಕೇಳಿಸಲಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನನ್ನ ಪರಿಚಯ ತಮ್ಮ ಕಡತದಲ್ಲಿದೆ. ಆದರೂ ತಾವು ಕಡತ ಓದುವವರೋ ಇಲ್ಲವೋ ಎಂಬ ಬಗ್ಗೆ ನನಗೆ ಅನುಮಾನ ಇರುವುದರಿಂದ ಇನ್ನೊಮ್ಮೆ ಹೇಳುತ್ತೇನೆ. ಹೆಸರು ಯಶೋದಮ್ಮ. ಮಂಡ್ಯದ ಗುತ್ತಲಿನಲ್ಲಿ ಮನೆ. ಕೆರಗೋಡಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಟೀಚರು. ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ, ನನ್ನ ದೊಡ್ಡ ಮಗಳು ಅಮೃತ ಜ್ವರದಿಂದ ತೀರಿಕೊಂಡಳು. ಇಪ್ಪತ್ತೊಂದು ವರ್ಷ. ಜ್ವರ ಬಂದದ್ದು ಭಾನುವಾರ, ಹೋದದ್ದು ಶುಕ್ರವಾರ ಬೆಳಿಗ್ಗೆ.

ಚಿಕ್ಕವಳು ದೀಪಿಕ. ಆಗ ಎರಡನೇ ಪಿಯುಸಿ. ಅಕ್ಕನ ಹಿಂದೆ ಸುತ್ತುತ್ತಿದ್ದವಳು, ಅಕ್ಕನ ದುಪಟ್ಟಾ ಹೇಳದೆ ಕೇಳದೆ ಹಾಕಿಕೊಂಡು ಹೋಗಿ ಬೈಸಿಕೊಳ್ಳುತ್ತಿದ್ದವಳು. ತಿಥಿ ಮುಗಿದ ಮೇಲೆ ಅವಳು ಮಾತು ನಿಲ್ಲಿಸಿದಳು. ಅತ್ತುಬಿಟ್ಟಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಅವಳು ಅಳಲೂ ಇಲ್ಲ. ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರೆ ಸಂಜೆಯಾದರೂ ಹಾಗೇ. ತಲೆಗೆ ನೀರು ಹಾಕಿಕೊಳ್ಳಲು ವಾರಗಟ್ಟಲೆ ಏಳುತ್ತಿರಲಿಲ್ಲ. ಗಾಳಿ ಸೋಕಿದೆ ಅಂದರು ನೆಂಟರು, ದಾರ ಕಟ್ಟಿಸಿದೆವು. ಕೊನೆಗೆ ಮಂಡ್ಯದಲ್ಲೇ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಖಿನ್ನತೆ ಅಂದರು ಅವರು, ಮಾತ್ರೆ ಬರೆದರು, ಮಾತಾಡಿಸಿ ಅಂದರು.

ಮಾತಾಡಿಸುವುದು ಹೇಗೆ? ಮಗು ಒಡೆದುಹೋಗುತ್ತದೆ ಎಂದು ಹೆದರಿ ನಾನು ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿದ್ದೆ. ಅಮೃತಳ ಫೋಟೊ ಬೀರುವಿನೊಳಗೆ ಇಟ್ಟೆ. ಅವಳ ಬಟ್ಟೆ ಅಕ್ಕಪಕ್ಕದವರಿಗೂ ಕಾಣದ ಹಾಗೆ ಕೊಟ್ಟು ಕಳಿಸಿದೆ. ಮನೆಗೆ ಬಂದವರು ಅವಳ ಹೆಸರೆತ್ತಿದರೆ ಕಾಫಿ ಕೊಟ್ಟು ಮಾತು ಬದಲಿಸುತ್ತಿದ್ದೆ. ನಮ್ಮ ಯಜಮಾನರು ಒಮ್ಮೆ ಊಟಕ್ಕೆ ಕೂತಾಗ ಬಾಯಿ ತಪ್ಪಿ ಅಮೃತ ಅಂದದ್ದಕ್ಕೆ ನಾನು ನೋಡಿದ ನೋಟಕ್ಕೆ ಅವರು ಅರ್ಧಕ್ಕೇ ಎದ್ದು ಕೈ ತೊಳೆದರು. ಮಗಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ದೀಪಿಕ ನನ್ನ ಜೊತೆ ಆಡಿದ್ದು ಎರಡೇ ಮಾತು, “ಹೂಂ” ಮತ್ತು “ಬ್ಯಾಡ”.

ಆ ನಡುವೆ ಅವಳು ಹೇಗೋ ಪರೀಕ್ಷೆ ಕಟ್ಟಿ ಪಾಸು ಮಾಡಿದಳು. ಅಕ್ಕ ಓದಿದ ಮಂಡ್ಯದ ಕಾಲೇಜಿಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಭಾರತೀನಗರದಲ್ಲಿ ಡಿಗ್ರಿಗೆ ಸೇರಿದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆ ಕಾಲೇಜಿನ ಗ್ರಂಥಾಲಯದಲ್ಲಿ ಅವಳಿಗೆ ‘ಇದ್ದಿಲ ಕೋಟೆ’ ಸಿಕ್ಕಿತು.

ತಾವು ಓದಿಲ್ಲವಾದ್ದರಿಂದ ಕಥೆ ಹೇಳಬೇಕಾಗಿದೆ. ಹದಿಹರೆಯದವರಿಗೆ ಬರೆದ ಮಾಯಾಲೋಕದ ಕಾದಂಬರಿ. ಈಗಿನ ಮಕ್ಕಳು ಫ್ಯಾಂಟಸಿ ಅನ್ನುತ್ತಾರೆ. ಅದರಲ್ಲಿ ಮಿಣುಕಿ ಎಂಬ ಹದಿನಾರರ ಹುಡುಗಿಯ ತಮ್ಮ ಸಾಯುತ್ತಾನೆ. ಆ ನಾಡಿನಲ್ಲಿ ದುಃಖ ಬಂದವರ ನೆರಳು ಕಲ್ಲಾಗುತ್ತದೆ. ಎಲ್ಲಿಗೆ ಹೋದರೂ ಅದನ್ನು ಎಳೆದುಕೊಂಡೇ ಹೋಗಬೇಕು. ನೆರಳನ್ನು ಕತ್ತರಿಸಿ ಹಾಕು ಎನ್ನುತ್ತಾರೆ ಪಂಡಿತರು. ಇದ್ದಿಲ ಕೋಟೆಯ ರಾಣಿಯಂತೂ ಸತ್ತವರ ಹೆಸರನ್ನು ಯಾರೂ ಹೇಳಕೂಡದೆಂದು ಅಪ್ಪಣೆ ಮಾಡಿರುತ್ತಾಳೆ, ಹೇಳಿದರೆ ಕೋಟೆಗೆ ಬೆಂಕಿ ಹತ್ತುತ್ತದೆ ಎಂದು ಅವಳ ಭಯ. ಮಿಣುಕಿಯ ತಲೆಯೊಳಗೆ ಅವಳದಲ್ಲದ ಮಾತುಗಳು ಕೇಳಿಸುತ್ತವೆ. ಅವಳು ಒಂದು ಕಹಿ ಬೇರನ್ನು ದಿನಾ ಜಗಿಯುತ್ತಾಳೆ, ಅದರಿಂದ ನೆರಳು ಹೋಗುವುದಿಲ್ಲ, ಎಳೆಯುವ ಶಕ್ತಿ ಬರುತ್ತದೆ. ಇನ್ನೊಬ್ಬರು ಬಂದು ಒಂದು ತುದಿ ಹಿಡಿದರೆ ಹಗುರಾಗುತ್ತದೆ. ಇಷ್ಟೇ. ಇದರಲ್ಲಿ ಮಾಟ ಎಲ್ಲಿದೆ, ಮಂತ್ರ ಎಲ್ಲಿದೆ? ಆದೇಶದಲ್ಲಿ ಎರಡೂ ಇವೆ.

ನನಗೆ ಆ ಪುಸ್ತಕದ ವಿಷಯ ತಿಳಿದದ್ದು ಒಂದು ಮಧ್ಯಾಹ್ನ. ದೀಪಿಕ ಗೆಳತಿಯ ಜೊತೆ ಫೋನಿನಲ್ಲಿದ್ದಳು. “ಇವತ್ತು ನೆರಳು ಎತ್ತಕ್ಕೆ ಆಯ್ತಿಲ್ಲ ಕಣೇ,” ಅಂದಳು. ಆ ಕಡೆಯಿಂದ ಏನು ಬಂತೋ, ನನ್ನ ಮಗಳು ನಕ್ಕಳು. ಹದಿನಾಲ್ಕು ತಿಂಗಳ ಮೇಲೆ ನಕ್ಕಳು. ನಾನು ಬಾಗಿಲ ಹಿಂದೆ ಬಟ್ಟೆ ಮಡಿಸುತ್ತಿದ್ದೆ. ಸಂತೋಷ ಆಗಬೇಕಿತ್ತು ಅಲ್ಲವೇ ಮಾನ್ಯರೇ? ಆಗಲಿಲ್ಲ. ಯಾವ ನೆರಳು, ಯಾರು ಹೇಳಿಕೊಟ್ಟದ್ದು, ನನಗೇಕೆ ಹೇಳಲಿಲ್ಲ ಎಂದು ಎದೆಯೊಳಗೆ ಚುರುಕ್ ಅಂದಿತು. ಆ ವಾರ ಡಾಕ್ಟರಮ್ಮ ಬೇರೆ, “ಯಾವುದೋ ಕಾದಂಬರಿ ಓದ್ತಿದ್ದಾಳಂತೆ, ಈಗ ಅವಳ ಕಷ್ಟ ಹೇಳೋದಕ್ಕೆ ಅವಳಿಗೆ ಮಾತು ಸಿಕ್ಕಿದೆ. ಒಳ್ಳೇದಾಯ್ತು,” ಅಂದರು. ಮಾತು ಸಿಕ್ಕಿದೆಯಂತೆ. ಅವಳಿಗೆ ಅ ಆ ತಿದ್ದಿಸಿದವಳು ನಾನು. ಸಾವಿರಾರು ಮಕ್ಕಳಿಗೆ ಕನ್ನಡ ಕಲಿಸಿದ ಮನೆಯಲ್ಲಿ ನನ್ನ ಮಗಳಿಗೆ ಮಾತು ಸಿಗಲಿಲ್ಲ, ಮಳವಳ್ಳಿಯ ಯಾರೋ ಒಬ್ಬಳ ಪುಸ್ತಕದಲ್ಲಿ ಸಿಕ್ಕಿತು.

ಅವಳಿಲ್ಲದಾಗ ಅವಳ ಬ್ಯಾಗಿನಿಂದ ಪುಸ್ತಕ ತೆಗೆದು ತೆರೆದೆ. ಹನ್ನೊಂದು ಪುಟ ಓದಿದೆ, ಕೆಂಪು ಪೆನ್ನು ಹಿಡಿದವಳ ಕಣ್ಣಿನಲ್ಲಿ. ಎಂಟು ಕಾಗುಣಿತದ ತಪ್ಪು ಸಿಕ್ಕವು. ಅಷ್ಟು ಸಮಾಧಾನ ನನಗೆ ಬಹಳ ದಿನದಿಂದ ಆಗಿರಲಿಲ್ಲ. ಪುಟ ತಿರುವುವಾಗ ಎಲ್ಲೋ ನಡುವೆ ದೀಪಿಕ ಪೆನ್ಸಿಲಿನಿಂದ ಗೆರೆ ಎಳೆದ ಸಾಲು ಕಾಣಿಸಿತು: “ರಾಣಿ ಕೆಟ್ಟವಳಲ್ಲ. ಅವಳಿಗೆ ಹೆದರಿಕೆ.” ಸತ್ತವರ ಹೆಸರು ಹೇಳಕೂಡದೆಂಬ ಅಪ್ಪಣೆಯೂ ಅದೇ ಪುಟದಲ್ಲಿತ್ತು, ಆ ರಾಣಿ ಯಾರೆಂದು ನನಗೆ ಗೊತ್ತಾಯಿತು. ಪುಸ್ತಕ ಮುಚ್ಚಿದೆ.

ಆಮೇಲೆ ಒಂದು ದಿನ ಅವಳ ನೋಟುಪುಸ್ತಕದಲ್ಲಿ ಕಾಗದದ ಕರಡು ಸಿಕ್ಕಿತು. ಹುಡುಕಿದೆ ಅಂತಲೇ ಬರೆದುಕೊಳ್ಳಿ. ಆ ಲೇಖಕಿಗೆ ಬರೆದದ್ದು. ಶುರುವಿನಲ್ಲೇ “ಅಕ್ಕ” ಎಂದಿತ್ತು. “ಅಕ್ಕ, ಅಮ್ಮಂಗೆ ಇದನ್ನ ಹೇಳಕ್ಕೆ ಆಗಲ್ಲ, ನಿಮಗೆ ಹೇಳ್ತೀನಿ.” ಮುಂದಿನ ಸಾಲು ನನಗೆ ಕಾಣಲಿಲ್ಲ. ಅಕ್ಕ ಎನ್ನುವುದು ನಮ್ಮ ಮನೆಯಲ್ಲಿ ಒಬ್ಬಳ ಹೆಸರಾಗಿತ್ತು. ನಾನು ಬೀರುವಿನಲ್ಲಿ ಬಚ್ಚಿಟ್ಟು ಕಾಯುತ್ತಿದ್ದ ಹೆಸರನ್ನು ಮಗಳು ತೆಗೆದುಕೊಂಡು ಹೋಗಿ ಮುಖ ನೋಡದ ಹೆಂಗಸಿಗೆ ಕೊಟ್ಟುಬಿಟ್ಟಿದ್ದಳು. ಅಮೃತಳ ಪರವಾಗಿ ನನಗೆ ಉರಿಯಿತು. ನನ್ನ ಪರವಾಗಿಯೂ ಉರಿಯಿತು. ಅವತ್ತೇ ಕೂತು ದೂರು ಬರೆದೆ.

ಒಳ್ಳೆಯ ದೂರು ಅದು. ಈ ಕೃತಿ ಮಾನಸಿಕ ಕಾಯಿಲೆಯನ್ನು ವೈಭವೀಕರಿಸುತ್ತದೆ, ಯುವಮನಸ್ಸುಗಳಲ್ಲಿ ಸಾವಿನ ಗೀಳು ಹುಟ್ಟಿಸುತ್ತದೆ, ಮಾಟಮಂತ್ರಕ್ಕೆ ಪ್ರಚೋದನೆ ನೀಡುತ್ತದೆ, ಹಿರಿಯರನ್ನು ಕ್ರೂರಿಗಳೆಂದು ಚಿತ್ರಿಸುತ್ತದೆ, ಭಾಷೆ ಅಶುದ್ಧ. ಹನ್ನೊಂದು ಪುಟ ಓದಿದವಳು ಇಷ್ಟು ಬರೆದೆ. ಪೂರ್ತಿ ಓದಿದ್ದರೆ ಒಂದು ಸಾಲನ್ನೂ ಬರೆಯಲಾಗುತ್ತಿರಲಿಲ್ಲ.

ತಾವು ಒಂಬತ್ತು ದಿನದಲ್ಲಿ ಆದೇಶ ಮಾಡಿದಿರಿ. ನಮ್ಮ ಶಾಲೆಯ ಮಕ್ಕಳಿಗೆ ನಿಘಂಟು ಕೊಡಿಸಿ ಎಂದು ನಾನು ನಾಲ್ಕು ವರ್ಷದಿಂದ ಬರೆಯುತ್ತಿರುವ ಅರ್ಜಿಗಳೂ ತಮ್ಮ ಸಮಿತಿಯ ಮುಂದೆಯೇ ಇವೆ. ಪುಸ್ತಕ ಕೊಡಿ ಎಂದರೆ ನಾಲ್ಕು ವರ್ಷ ಸಾಲದು, ಪುಸ್ತಕ ಕಿತ್ತುಕೊಳ್ಳಿ ಎಂದರೆ ಒಂಬತ್ತು ದಿನ ಸಾಕು. ಇರಲಿ. ಆದೇಶದ ಪ್ರತಿ ಕೈಗೆ ಬಂದಾಗ ಓದಿದೆ. ಅದರ ಐದೂ ಕಾರಣಗಳು ನನ್ನ ದೂರಿನವೇ, ಪದ ಪದವೂ ನನ್ನವೇ. ಅವಸರದಲ್ಲಿ ನಾನು “ಮನಃಶಾಸ್ತ್ರ”ವನ್ನು “ಮನಶಾಸ್ತ್ರ” ಎಂದು ಬರೆದಿದ್ದೆ. ಆದೇಶದಲ್ಲೂ ಮನಶಾಸ್ತ್ರವೇ ಇದೆ. ನನ್ನ ವಿದ್ಯಾರ್ಥಿಗಳು ಪಕ್ಕದವರ ಉತ್ತರ ನೋಡಿ ಬರೆದಾಗ ನಾನು ಹಿಡಿದುಹಾಕುವುದು ಹೀಗೆಯೇ. ಅವರಿಗೆ ಸೊನ್ನೆ ಕೊಡುತ್ತೇನೆ. ತಮಗೆ ಏನು ಕೊಡಬೇಕೋ ತಿಳಿಯದು.

ಓದದೆ ಸಹಿ ಹಾಕಿ ನೆಮ್ಮದಿಯಾಗಿ ಮನೆಗೆ ಹೋಗುವ ತಮ್ಮ ಆ ಶಕ್ತಿಯ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ನನಗೆ ಆ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ಕಾಲೇಜಿನ ಫಲಕದಲ್ಲಿ ಆದೇಶ ಅಂಟಿಸಿದ್ದರು, ದೂರುದಾರರ ಹೆಸರು ವಿಳಾಸದ ಸಮೇತ. ಪ್ರತಿ ಶನಿವಾರ ಏಳೆಂಟು ಹುಡುಗಿಯರು ಆ ಪುಸ್ತಕ ಹಿಡಿದು ಗ್ರಂಥಾಲಯದ ಮೂಲೆಯಲ್ಲಿ ಕೂರುತ್ತಿದ್ದರಂತೆ. ಒಬ್ಬಳಿಗೆ ಅಪ್ಪ ಇಲ್ಲ, ಇನ್ನೊಬ್ಬಳು ಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದವಳು. ಅವರೆಲ್ಲರ ಮುಂದೆ ನನ್ನ ಮಗಳು ನನ್ನ ಹೆಸರು ಓದಿದಳು.

ಮನೆಗೆ ಬಂದು ಚಪ್ಪಲಿ ಬಿಟ್ಟು ನನ್ನೆದುರು ಬಂದು ನಿಂತಳು. ಕೂಗಾಡಲಿಲ್ಲ.

“ಅಮ್ಮ, ಆ ಪುಸ್ತಕ ಓದಿದ್ಯಾ?”

“ಸ್ವಲ್ಪ.”

“ಎಷ್ಟು?”

“ಹನ್ನೊಂದು ಪುಟ.”

“ಅಷ್ಟಕ್ಕೇ ಕಂಪ್ಲೇಂಟ್ ಕೊಟ್ಬುಟ್ಯಾ?” ಅಂದಳು. “ಪೂರ್ತಿ ಓದು. ಆಮೇಲೆ ನಿನ್ನ ಜೊತೆ ಮಾತಾಡ್ತೀನಿ.”

ಅಲ್ಲಿಂದ ಮತ್ತೆ ಗೋಡೆ ಕಡೆ ತಿರುಗಿದಳು. ಈ ಸಲ “ಹೂಂ”, “ಬ್ಯಾಡ” ಕೂಡ ಇಲ್ಲ. ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ಮಾತ್ರೆ ನುಂಗಿದಳೋ ಇಲ್ಲವೋ ಎಂದು ಎಣಿಸಿ ನೋಡುವುದೇ ನನ್ನ ಕೆಲಸವಾಯಿತು. ಓದೋಣವೆಂದರೆ ಪುಸ್ತಕ ಎಲ್ಲಿದೆ? ತಮ್ಮ ಆದೇಶ ಅಷ್ಟು ಚುರುಕಾಗಿ ಜಾರಿಯಾಗಿತ್ತು. ಮಂಡ್ಯದ ಅಂಗಡಿಗಳಲ್ಲೂ ಸಿಗಲಿಲ್ಲ. ಉಳಿದದ್ದು ಒಂದೇ ದಾರಿ, ಬರೆದವಳನ್ನೇ ಕೇಳುವುದು; ಅವಳ ವಿಳಾಸ ದೀಪಿಕಳ ಕರಡಿನಲ್ಲಿ ನೋಡಿದ್ದೆ. ಶನಿವಾರ ಶಾಲೆ ಬಿಟ್ಟವಳೇ ಮಳವಳ್ಳಿ ಬಸ್ಸು ಹತ್ತಿದೆ.

ಲೇಖಕಿಯ ಹೆಸರು ಶಶಿರೇಖಾ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಿಕ್ಕ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ. ಮೂವತ್ತು ದಾಟಿರಬಹುದು. ನಾನು ಹೋದಾಗ ಕೈಗವಸು ಹಾಕಿಕೊಂಡು ಒಬ್ಬ ಮುದುಕರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಳು. ಮುದುಕರು ಸೂಜಿ ನೋಡಿ ಕೈ ಎಳೆದುಕೊಂಡರು. “ತಾತ, ಆಚೆ ಆ ಕೆಂಪು ಬಸ್ಸು ಎಲ್ಲಿಗೆ ಓಯ್ತದೆ, ಬೋರ್ಡ್ ನೋಡಿ ಯೋಳಿ,” ಅಂದಳು. ಅವರು ಅಕ್ಷರ ಕೂಡಿಸುವಷ್ಟರಲ್ಲಿ ರಕ್ತ ತೆಗೆದಾಗಿತ್ತು. ಇವಳಿಗೆ ಎಲ್ಲರನ್ನೂ ಮಾತಾಡಿಸಲು ಬರುತ್ತದಲ್ಲ ಎಂದು ಅದಕ್ಕೂ ನನಗೆ ಕಿಚ್ಚಾಯಿತು.

“ಚೀಟಿ ತಂದಿದ್ದೀರಾ?” ಎಂದು ಕೇಳಿದಳು.

“ನಾನು ದೀಪಿಕಳ ತಾಯಿ,” ಅಂದೆ.

ಕೈಗವಸು ನಿಧಾನಕ್ಕೆ ಬಿಚ್ಚಿದಳು. “ಇನ್ನೊಬ್ರು ಅವ್ರೆ, ಮುಗಿಸ್ಕೊಂಡು ಬತ್ತೀನಿ. ಕೂತ್ಕೊಳಿ ಟೀಚರೇ,” ಅಂದಳು.

ಆಮೇಲೆ ಹಿಂದಿನ ಬೀದಿಯಲ್ಲಿದ್ದ ತನ್ನ ಮನೆಗೆ ಕರೆದುಕೊಂಡು ಹೋದಳು. ಟೀ ಮಾಡಿಕೊಟ್ಟಳು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಒಬ್ಬ ಹುಡುಗನ ಫೋಟೊ, ಎಲ್ಲರಿಗೂ ಕಾಣುವ ಹಾಗೆ.

“ನಿಮ್ಮ ಪುಸ್ತಕ ಬೇಕಿತ್ತು.”

“ನೀವೇ ಅಲ್ವ ದೂರು ಕೊಟ್ಟಿದ್ದು?”

“ಹೌದು. ಓದಿರಲಿಲ್ಲ. ಹನ್ನೊಂದು ಪುಟ ಓದಿದ್ದೆ.”

“ಹನ್ನೊಂದು ಪುಟಕ್ಕೆ ಏನೂ ಗೊತ್ತಾಗಕಿಲ್ಲ,” ಅಂದಳು. “ನಲವತ್ತು ಪುಟದ ಗಂಟ ನಂಗೂ ಬೇಜಾರೇ.” ಎದ್ದು ಹೋಗಿ ತನ್ನದೇ ಪ್ರತಿ ತಂದು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಅಷ್ಟಕ್ಕೆ ಸುಮ್ಮನಾಗಲಿಲ್ಲ ಮಾನ್ಯರೇ. ದೀಪಿಕ ಬರೆದ ಕಾಗದಗಳನ್ನು ತೋರಿಸು ಎಂದು ಕೇಳಿದೆ. ಹೆತ್ತವಳು ಎಂಬ ಜೋರಿನಲ್ಲೇ ಕೇಳಿದೆ. “ಅವು ಅವಳ್ವು ಟೀಚರೇ. ಅವಳ್ನೇ ಕೇಳಿ,” ಅಂದಳು. ನನ್ನ ಮಗಳ ಗುಟ್ಟನ್ನು ನನ್ನಿಂದಲೇ ಕಾಯುತ್ತಿದ್ದಾಳೆ. ಆಗ ತಡೆಯಲಾಗದೆ ಹೇಳಿಬಿಟ್ಟೆ, “ಅವಳು ನಿನ್ನನ್ನ ಅಕ್ಕ ಅಂತಾಳೆ. ಅದು ನನ್ನ ದೊಡ್ಡ ಮಗಳಿಗೆ ಇದ್ದ ಹೆಸರು.”

ಶಶಿರೇಖಾ ಲೋಟ ಕೆಳಗಿಟ್ಟಳು.

“ಗೊತ್ತು. ಅಂಗೆ ಕರೀಬ್ಯಾಡ ಅನ್ಬೇಕಿತ್ತು. ಬಾಯಿ ಬರ್ನಿಲ್ಲ.” ಗೋಡೆಯ ಮೇಲಿನ ಹುಡುಗನನ್ನು ತೋರಿಸಿದಳು. “ನಮ್ಮ ಮಹದೇವು. ತಮ್ಮ. ತಲೆ ಒಳಗೆ ಯಾರೋ ಮಾತಾಡ್ತಾವ್ರೆ ಅಂತಿದ್ದ. ಗುಡಿ ಗುಡಿ ಸುತ್ತಿಸಿದೊ, ಡಾಕ್ಟ್ರ ತಾವ ತಡವಾಗಿ ಕರ್ಕೊಂಡೋದೊ. ಒಂದಿನ ಮನೆ ಬಿಟ್ಟೋದೋನು ಜೀವ ಇಟ್ಕೊಂಡು ವಾಪಸ್ ಬರ್ನಿಲ್ಲ. ಅವನು ಹೊಂಟೋದ ಮೇಲೆ ಈ ಮನೇಲಿ ನನ್ನ ಅಕ್ಕ ಅನ್ನೋರು ಯಾರೂ ಇರ್ನಿಲ್ಲ. ದೀಪಿಕ ಕಾಗದದಲ್ಲಿ ಅಂಗೆ ಬರ್ದಿದ್ಲಲ್ಲ, ನಾನು ಸುಮ್ಕಾಗ್ಬುಟ್ಟೆ.”

ಅಕ್ಕನನ್ನು ಕಳೆದುಕೊಂಡ ನನ್ನ ಮಗಳು, ಅಕ್ಕ ಎನ್ನುವವನನ್ನು ಕಳೆದುಕೊಂಡ ಇವಳು. ಇಬ್ಬರನ್ನೂ ಸೇರಿಸಿದ್ದ ಪುಸ್ತಕಕ್ಕೆ ನಾನೂ ತಾವೂ ಸೇರಿ ತಡೆ ಹಾಕಿದ್ದೆವು. ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಬಂದೆ.

ನಾಲ್ಕು ದಿನ ಶಾಲೆಯ ಸ್ಟಾಫ್‌ರೂಮಿನಲ್ಲಿ ಬಿಡುವಿನ ಪೀರಿಯಡ್ಡುಗಳಲ್ಲಿ ಓದಿದೆ. ಕೆಂಪು ಪೆನ್ನು ತೆಗೆಯಲಿಲ್ಲ. ಕೊನೆಯಲ್ಲಿ ಮಿಣುಕಿ ಕೋಟೆಗೆ ಬಂದು ರಾಣಿಯ ನಿಲುವಂಗಿ ಎತ್ತಿ ನೋಡುತ್ತಾಳೆ. ಅದರ ಕೆಳಗೆ ರಾಣಿ ತನ್ನದೇ ನೆರಳನ್ನು ಮುಚ್ಚಿಟ್ಟುಕೊಂಡಿದ್ದಾಳೆ, ಮಿಣುಕಿಯದಕ್ಕಿಂತ ಎರಡರಷ್ಟು ದೊಡ್ಡ ಕಲ್ಲು. “ಒಂದು ತುದಿ ಕೊಡು,” ಎನ್ನುತ್ತಾಳೆ ಮಿಣುಕಿ. ಅಲ್ಲಿಗೆ ಬಂದಾಗ ಗಂಟೆ ಹೊಡೆಯಿತು. ಒಂಬತ್ತನೇ ತರಗತಿಗೆ ಹೋಗಿ ಲೋಪಸಂಧಿ ಪಾಠ ಮಾಡಿದೆ. ಏನು ಪಾಠ ಮಾಡಿದೆನೋ ಮಕ್ಕಳಿಗೇ ಗೊತ್ತು.

ಆ ಭಾನುವಾರ ಬೆಳಿಗ್ಗೆ ದೀಪಿಕ ಅಡುಗೆಮನೆಗೆ ನೀರು ಕುಡಿಯಲು ಬಂದಳು. ನಾನು ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಓದಿ ಮುಗಿಸಿದೆ ಎಂದು ಹೇಳಬೇಕು ಅಂತಿದ್ದೆ. ಬಾಯಿಗೆ ಬಂದದ್ದು ಬೇರೆ.

“ಅಮೃತಂಗೆ ಈ ಸೊಪ್ಪು ಆಗ್ತಿರ್ಲಿಲ್ಲ,” ಅಂದೆ.

ಎರಡು ವರ್ಷಕ್ಕೆ ಎರಡು ತಿಂಗಳು ಕಮ್ಮಿ ಇತ್ತು, ನಾನು ಆ ಹೆಸರು ಹೇಳಿ. ದೀಪಿಕ ಲೋಟ ಹಿಡಿದುಕೊಂಡು ನಿಂತಲ್ಲೇ ಹೇಳಿದಳು, “ತಟ್ಟೆ ಕೆಳಗೆ ಬಚ್ಚಿಡ್ತಿದ್ಲು. ನೀನು ನೋಡ್ದಾಗ ನನ್ನ ತಟ್ಟೆ ಕೆಳಗೆ ತಳ್ಳೋಳು.”

ನನ್ನ ಪಕ್ಕ ನೆಲದ ಮೇಲೆ ಕೂತಳು, ಒಂದು ಕಂತೆ ಸೊಪ್ಪು ಎಳೆದುಕೊಂಡಳು. ಮುಖ ಎತ್ತದೆ ಹೇಳತೊಡಗಿದಳು. ಮುಂದಿನದನ್ನು ಅವಳೇ ಬರಿ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಗುರುವಾರ ಆಸ್ಪತ್ರೆಯಲ್ಲಿ ಅಮೃತ, “ಇನ್ನೊಂದು ಗಂಟೆ ಇದ್ದು ಹೋಗೇ,” ಎಂದು ಕೈ ಹಿಡಿದಿದ್ದಳಂತೆ. ಗೆಳತಿಯರು ಕಾಯುತ್ತಿದ್ದಾರೆ, ನಾಳೆ ಬರುತ್ತೇನೆ ಎಂದು ಇವಳು ಕೈ ಬಿಡಿಸಿಕೊಂಡು ಬಂದಳಂತೆ. ಅಷ್ಟನ್ನು ಹೊತ್ತುಕೊಂಡು ನನ್ನ ಮಗು ಗೋಡೆ ನೋಡುತ್ತಾ ಮಲಗಿತ್ತು. ನನಗೆ ಹೇಳಿದರೆ ನಾನು ಕ್ಷಮಿಸುವುದಿಲ್ಲ ಅಂದುಕೊಂಡಿದ್ದಳು.

ನಾನೂ ಹೇಳಿದೆ. ಮೊದಲ ಎರಡು ದಿನ ಜ್ವರದ ಮಾತ್ರೆ ಕೊಟ್ಟು ಮನೆಯಲ್ಲೇ ಮಲಗಿಸಿಕೊಂಡವಳು ನಾನು, ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಎದುರಿಗಿತ್ತು, ಮಂಗಳವಾರ ಸಂಜೆಯ ತನಕ ಅದರಿಂದ ತಲೆ ಎತ್ತಲಿಲ್ಲ ಎಂದು. ಇದನ್ನು ಯಜಮಾನರಿಗೂ ಹೇಳಿರಲಿಲ್ಲ.

“ನೀನೂ ಎಳ್ಕೊಂಡು ಓಡಾಡ್ತಿದ್ಯಾ ಅಮ್ಮ?” ಅಂದಳು. ಅವತ್ತು ನಮ್ಮ ಮನೆಯಲ್ಲಿ ಇಬ್ಬರೂ ಅತ್ತೆವು. ಯಜಮಾನರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಬೀರುವಿನ ಬಾಗಿಲು ತೆಗೆದ ಸದ್ದಾಯಿತು, ಅಮೃತಳ ಫೋಟೊ ತಂದು ನಡುಮನೆಯಲ್ಲಿ ಇಟ್ಟರು.

ದೀಪಿಕಳಿಗೆ ಪೂರ್ತಿ ಗುಣವಾಯಿತು ಎಂದು ನಾನು ಹೇಳುತ್ತಿಲ್ಲ. ಕಥೆಪುಸ್ತಕದಿಂದ ಕಾಯಿಲೆ ವಾಸಿಯಾಗುವುದಿಲ್ಲ, ಆ ಪುಸ್ತಕವೂ ಹಾಗೆ ಹೇಳುವುದಿಲ್ಲ. ಡಾಕ್ಟರಮ್ಮನ ಮಾತ್ರೆ ನಡೆಯುತ್ತಿದೆ. ಕೆಲವು ಬೆಳಿಗ್ಗೆ ಈಗಲೂ ಏಳುವುದಿಲ್ಲ. ಆದರೆ ಏಳಲಾಗುತ್ತಿಲ್ಲ ಎಂದು ಹೇಳುತ್ತಾಳೆ, ನನಗೆ ಹೇಳುತ್ತಾಳೆ. ಶಶಿರೇಖಾಳಿಗೂ ಕಾಗದ ಬರೆಯುತ್ತಾಳೆ. ಅದರಲ್ಲಿ ಏನಿದೆ ಎಂದು ನಾನು ಕೇಳುವುದಿಲ್ಲ. ಕೇಳದೆ ಇರುವುದಕ್ಕೆ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಇಲ್ಲಿ ಬರೆಯಲಾರೆ.

ಇಷ್ಟಾದ ಮೇಲೆ ದೂರು ವಾಪಸ್ ಪಡೆಯಲು ತಮ್ಮ ಕಚೇರಿಗೆ ಬಂದೆ. ಮೂರು ಸಲ ಬಂದೆ. “ದೂರು ಕೊಡೋಕೆ ನಮೂನೆ ಇದೆ ಮೇಡಂ, ವಾಪಸ್ ತಗೊಳ್ಳೋಕೆ ನಮೂನೆ ಇಲ್ಲ,” ಅಂದರು ಗುಮಾಸ್ತರು. ಪುಸ್ತಕ ಮತ್ತೆ ಕಪಾಟಿಗೆ ಬರಬೇಕಾದರೆ ಮನಃಶಾಸ್ತ್ರ ತಜ್ಞರೊಬ್ಬರು, ಸಾಹಿತ್ಯ ತಜ್ಞರೊಬ್ಬರು ಪೂರ್ತಿ ಓದಿ ವರದಿ ಕೊಡಬೇಕಂತೆ. ಒಳ್ಳೆಯ ನಿಯಮ. ತೆಗೆಯುವಾಗ ಎಲ್ಲಿ ಹೋಗಿತ್ತು ಅದು? ತೆಗೆಯಲು ಹೊಟ್ಟೆಕಿಚ್ಚಿನ ಒಬ್ಬ ಟೀಚರು ಸಾಕು, ಇಡಲು ಇಬ್ಬರು ತಜ್ಞರು ಬೇಕೇ? ಯುವಜನರು ಸಾವಿನ ಬಗ್ಗೆ ಓದಿದರೆ ಕೆಡುತ್ತಾರೆ ಎಂದು ಆದೇಶದಲ್ಲಿದೆ. ಅದು ನನ್ನ ಮಾತು, ಆದ್ದರಿಂದ ನಾನೇ ಕೇಳುತ್ತೇನೆ: ಸಾವು ಆ ಮಕ್ಕಳ ಮನೆಗೆ ಬರುವಾಗ ತಮ್ಮ ಸಮಿತಿಯ ಅನುಮತಿ ಪಡೆದು ಬರುತ್ತದೆಯೇ? ಬಂದು ಹೋದ ಮೇಲೆ ಅದರ ಬಗ್ಗೆ ಮಾತಾಡಲು ಮಾತ್ರ ಅನುಮತಿ ಬೇಕೇ?

ನನ್ನ ಬೇಡಿಕೆ ಇಷ್ಟು. ಆ ಪುಸ್ತಕವನ್ನು ತಾವು ಓದಿ. ಹನ್ನೊಂದನೇ ಪುಟಕ್ಕೆ ನಿಲ್ಲಿಸಬೇಡಿ. ಓದಿ ಮುಗಿಸಿದ ದಿನವೇ ಆದೇಶ ರದ್ದು ಮಾಡಿ, ಮೂರೂ ತಾಲ್ಲೂಕುಗಳ ಕಪಾಟುಗಳಿಗೆ ಅದನ್ನು ವಾಪಸ್ ಕಳಿಸಿ. ನನ್ನ ದೂರನ್ನು ಕಡತದಿಂದ ಕಿತ್ತುಹಾಕಬೇಡಿ. ದೂರುದಾರಳು ಪುಸ್ತಕ ಓದಿರಲಿಲ್ಲ ಎಂದು ಅದರ ಮೇಲೇ ಬರೆದಿಡಿ, ನನಗೆ ಅವಮಾನವಾಗುವುದಿದ್ದರೆ ಆಗಲಿ. ಅದರ ಕೆಳಗೆ ತಮ್ಮ ಬಗ್ಗೆಯೂ ಅದೇ ಮಾತು ಬರೆಯಲು ಜಾಗ ಉಳಿದಿರುತ್ತದೆ, ಬರೆಯುವುದು ಬಿಡುವುದು ತಮಗೆ ಸೇರಿದ್ದು.

ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಇನ್ನೊಬ್ಬಳು ಹುಡುಗಿ ಆ ಪುಸ್ತಕ ತೆಗೆದುಕೊಂಡು ಮನೆಗೆ ಹೋಗಲಿ. ತನಗೆ ಹೇಳದ್ದನ್ನು ಮಗಳು ಒಂದು ಪುಸ್ತಕಕ್ಕೆ ಹೇಳಿದಳೆಂದು ಅವಳ ತಾಯಿಗೂ ಹೊಟ್ಟೆ ಉರಿಯಲಿ. ಉರಿದರೆ ಉರಿಯಲಿ ಬಿಡಿ. ಹೊಟ್ಟೆಕಿಚ್ಚು ಪಡುವುದಕ್ಕಾದರೂ ಮಗಳು ಬದುಕಿರಬೇಕಲ್ಲ.

ಇಂತಿ,
ತಮ್ಮ ಆದೇಶದ ಐದೂ ಕಾರಣಗಳನ್ನು ಬರೆದುಕೊಟ್ಟ, ಈಗಲೂ ಕಿಚ್ಚು ಪೂರ್ತಿ ಆರದ,
ಯಶೋದಮ್ಮ
ಅಮೃತ ಮತ್ತು ದೀಪಿಕಳ ತಾಯಿ
ಗುತ್ತಲು, ಮಂಡ್ಯ